ಮಧ್ಯೆ ನಿಂತವಳು

ಅಪ್ಪನಿಗೆ ಸಿಟ್ಟು ಬಂದರೆ ಕೂಗಾಡುತ್ತಿರಲಿಲ್ಲ, ಅಮ್ಮನ ಜೊತೆ ಮಾತು ಬಿಡುತ್ತಿದ್ದರು. ಗುಬ್ಬಿಯ ನಮ್ಮ ಮನೆಯಲ್ಲಿ ಅದು ವಾರಗಟ್ಟಲೆ ನಡೆಯುತ್ತಿತ್ತು. "ನಿಮ್ಮಪ್ಪಂಗೆ ಹೇಳೇ, ಊಟಕ್ಕೆ ಬರ್ಲಿ" ಎಂದು ಅಮ್ಮ ಅಡುಗೆಮನೆಯಿಂದ ನನಗೆ ಹೇಳುತ್ತಿದ್ದಳು. ಅಪ್ಪ ಅಲ್ಲೇ ಬಾಗಿಲಾಚೆ ಕೂತಿರುತ್ತಿದ್ದರು. ಕೇಳಿಸಿದ್ದರೂ, ನಾನು ಹೋಗಿ ಹೇಳುವವರೆಗೆ ಏಳುತ್ತಿರಲಿಲ್ಲ. ಥೂ, ಇದೂ ಒಂದು ಬಾಳಾ ಅನ್ನಿಸುತ್ತಿತ್ತು ನನಗೆ.

ಅದಕ್ಕೇ ಹಟ ಹಿಡಿದು ವಾಚಾಳಿಯನ್ನೇ ಕಟ್ಟಿಕೊಂಡೆ. ತುಮಕೂರಿನ ಕಾಲೇಜಿನಲ್ಲಿ ಜೊತೆಗೆ ಓದಿದ ಕುಣಿಗಲ್ಲಿನ ಹುಡುಗ. ಕ್ಲಾಸಿನವರೆಲ್ಲ ಮಾರ್ಕೋನಹಳ್ಳಿ ಡ್ಯಾಮಿಗೆ ಹೋದ ದಿನ, ಡ್ರೈವರಿನಿಂದ ಹಿಡಿದು ಯಾರನ್ನೂ ಬಿಡದೆ ಮಾತಾಡಿಸಿಕೊಂಡು ಬಂದ. ಅವತ್ತೇ ಮನಸ್ಸು ಮಾಡಿದೆ. ಮದುವೆಯಾದ ಮೇಲೂ ಅವರು ಒಂದು ಗಳಿಗೆ ಸುಮ್ಮನೆ ಕೂತರೆ ಸಾಕು, ಇವರೊಳಗೂ ಅಪ್ಪ ಬಂದರೇನೋ ಎಂದು ಮುಖ ಇಣುಕಿ ನೋಡುತ್ತಿದ್ದೆ.

ನಾನು ಕಲಿಸುವುದು ಮನಶ್ಶಾಸ್ತ್ರ. ಚಿಕ್ಕಂದಿನಲ್ಲಿ ಮನೆಯಲ್ಲಿ ಕಂಡದ್ದನ್ನೇ, ಅದು ನೋಯಿಸಿದ್ದರೂ, ಸಂಗಾತಿಯಲ್ಲಿ ಹುಡುಕುತ್ತೇವೆ ಎನ್ನುವ ಸಿದ್ಧಾಂತವನ್ನು ಪ್ರತಿವರ್ಷ ಪಾಠ ಮಾಡುತ್ತೇನೆ. ಮಾಡುವಾಗೆಲ್ಲ, ನಾನು ತಪ್ಪಿಸಿಕೊಂಡೆ ನೋಡಿ, ಎಂದು ಒಳಗೊಳಗೇ ಬೀಗುತ್ತಿದ್ದೆ.

ಕಳೆದ ತಿಂಗಳು ಮಗಳು ಒಬ್ಬ ಹುಡುಗನನ್ನು ಮೆಚ್ಚಿದ್ದೇನೆ ಎಂದಳು.

"ಏನ್ ಕಂಡೆ ಕಣೇ ಅವನಲ್ಲಿ?" ಎಂದೆ.

"ಸಿಟ್ಟು ಬಂದ್ರೆ ಕೂಗಾಡಲ್ಲಮ್ಮ. ನಾಕು ದಿನ ಮಾತ್ ಬಿಡ್ತಾನೆ, ಅಷ್ಟೆ."

"ಅಯ್ಯೋ, ಬೇಡ ಕಣೇ! ಅದೆಂಥ ನರಕ ಗೊತ್ತಾ? ನಿಮ್ಮ ತಾತ ಹಂಗೇ ಇದ್ರು."

"ತಾತನ್ನ ನಾನೆಲ್ಲಿ ನೋಡ್ದೆ? ನಂಗೆ ಅಭ್ಯಾಸ ಇದೆ ಬಿಡಮ್ಮ. ನಿನ್ ಜೊತೆ ಬೆಳೆದಿಲ್ವಾ?"

ಚುಚ್ಚಬೇಕೆಂದು ಅಂದದ್ದಲ್ಲ. ನಗುತ್ತಲೇ ಅಂದಳು.

ಕುಣಿಗಲ್ಲಿನ ನೆಂಟರ ಮುಂದೆ ನನ್ನ ಸಾರನ್ನು ಆಡಿಕೊಂಡರೆಂದು ಗಂಡನ ಜೊತೆ ಮಾತು ಬಿಟ್ಟು ಅವತ್ತಿಗೆ ಒಂಬತ್ತು ದಿನ. ಇಷ್ಟು ವರ್ಷ ಅವರ ಮುಖದಲ್ಲಿ ಅಪ್ಪನನ್ನು ಹುಡುಕಿದ್ದೆ. ಸತ್ತ ಅಪ್ಪ ಬಂದು ಕೂತದ್ದು ನನ್ನೊಳಗೆ. ನನ್ನ ಮಗಳು ಆ ಮೌನವನ್ನೇ ಪ್ರೀತಿ ಅಂದುಕೊಂಡು ಬೆಳೆದಿದ್ದಳು.

ಹೇಗಾದರೂ ತಡೆಯಬೇಕಿತ್ತು. ನನ್ನೊಬ್ಬಳ ಮಾತನ್ನು ಅವಳು ಕೇಳುವಂತಿರಲಿಲ್ಲ, ಗಂಡನೂ ಕೂತು ಹೇಳಬೇಕಿತ್ತು. ಅವರು ಅಲ್ಲೇ ಬಾಗಿಲಾಚೆ ಪೇಪರ್ ಓದುತ್ತಿದ್ದರು. ರೀ, ಸ್ವಲ್ಪ ಬನ್ನಿ, ಎಂದು ಕರೆದರೆ ಆಯಿತು. ಬಾಯಿ ತೆರೆದೆ.

"ನಿಮ್ಮಪ್ಪಂಗೆ ಹೇಳೇ..." ಎಂದುಬಿಟ್ಟೆ.

ಮಾತು ಮುಗಿಯುವ ಮೊದಲೇ ಮಗಳು ಎದ್ದು ಹೋಗಿದ್ದಳು, ಹೇಳುವುದಕ್ಕೆ.