ಗೆದ್ದ ಕಡೆಗೆ ಎತ್ತಿದ ಕೈ

ಅಮೆರಿಕದ ವರ್ಮಾಂಟ್ ರಾಜ್ಯದ ಟೆನ್ನಿಫರ್ಡ್ ಊರಿನ ಅರ್ಲೋ ಪೆಲ್ಕಿ ನಲವತ್ತು ವರ್ಷ ಹಾಲಿನ ಲಾರಿ ಓಡಿಸಿದವರು. ನಿವೃತ್ತಿಯ ನಂತರ ಅವರು ಹಿಡಿದ ಕೆಲಸ ವಾಷಿಂಗ್ಟನ್ನಿನ ಮೇಲೆ ಕಣ್ಣಿಡುವುದು. ಬೆಳಗಿನಿಂದ ಅವರ ಅಡುಗೆಮನೆಯ ರೇಡಿಯೊದಲ್ಲಿ ಸೆನೆಟ್ಟಿನ ಕಲಾಪವೇ. ಯಾವ ಉಪಸಮಿತಿಯಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ ಎಂಬುದು ಅವರಿಗೆ ಬಾಯಿಪಾಠ. ಹೆಂಡತಿ ವರ್ನಾ ಅದೇ ಕೋಣೆಯಲ್ಲಿ ಹಿಟ್ಟು ನಾದುತ್ತಿದ್ದುದರಿಂದ, ಬೇಕಿರಲಿ ಬೇಡವಾಗಿರಲಿ, ಅದೆಲ್ಲ ಆಕೆಯ ಕಿವಿಗೂ ಬೀಳುತ್ತಿತ್ತು.

ಮಾರ್ಚ್ ತಿಂಗಳ ಮೊದಲ ಮಂಗಳವಾರ ಶಾಲೆಯ ಸಭಾಂಗಣದಲ್ಲಿ, ಊರವರೇ ಸೇರಿ ಒಂದೊಂದು ವಿಷಯಕ್ಕೂ ಮತ ಹಾಕುವ ಊರಸಭೆ. ಆ ವರ್ಷದ ಏಳನೆಯ ವಿಷಯ ಪೆಲ್ಕಿ ದಂಪತಿಯ ರಸ್ತೆಯದು. ಅಲ್ಲಿರುವುದು ಅವರದೊಂದೇ ಮನೆ. ಆದ್ದರಿಂದ ಇನ್ನು ಮುಂದೆ ಆ ರಸ್ತೆಯ ಹಿಮವನ್ನು ಊರಿನ ಲಾರಿ ತೆಗೆಯಬಾರದು ಎಂಬ ನಿರ್ಣಯ. ಅದು ಅಂಗೀಕಾರವಾದರೆ ವರ್ಷಕ್ಕೆ ಐದು ತಿಂಗಳು ಮನೆಯೊಳಗೇ ಸಿಕ್ಕಿಕೊಳ್ಳಬೇಕು, ಇಲ್ಲವೇ ಮನೆ ಮಾರಬೇಕು.

ಆರನೆಯ ವಿಷಯ ಶುರುವಾದಾಗ ಅರ್ಲೋ ಎದ್ದರು.

"ಸೆನೆಟ್ಟಲ್ಲಿ ಮತ ಹಾಕ್ತಿದ್ದಾರೆ ಕಣೇ. ಗಾಡಿ ರೇಡಿಯೊದಲ್ಲಿ ಎರಡು ನಿಮಿಷ ಕೇಳ್ಕೊಂಡು ಬಂದ್ಬಿಡ್ತೀನಿ."

"ನಮ್ಮ ರಸ್ತೆ ಇಲ್ಲಿದೆ, ವಾಷಿಂಗ್ಟನ್ನಲ್ಲಿಲ್ಲ," ಎಂದಳು ವರ್ನಾ.

"ಇದು ಬೆಂಕಿ ಆರಿಸೋ ಲಾರಿ ವಿಷಯ. ಒಂದು ಗಂಟೆ ಜಗಳ ಗ್ಯಾರಂಟಿ."

ಬೆಂಕಿ ಲಾರಿಯ ವಿಷಯ ಜಗಳವೇ ಇಲ್ಲದೆ ನಾಲ್ಕು ನಿಮಿಷದಲ್ಲಿ ಮುಗಿಯಿತು. ರಸ್ತೆಯ ಸರದಿ ಬಂತು. ನಿರ್ಣಯ ಬೇಕೋ ಬೇಡವೋ ಎಂದು ಕೇಳಿದಾಗ ವರ್ನಾ ಗಟ್ಟಿಯಾಗಿ "ಬೇಡ" ಎಂದಳು. "ಬೇಕು" ಎಂದ ದನಿಗಳು ಅದಕ್ಕಿಂತ ಗಟ್ಟಿಯಾಗಿದ್ದವು. ಅಧ್ಯಕ್ಷ ಡ್ವೈಟ್ ಕಾರ್ಬೊ ಕೈ ಎಣಿಸಲು ನಿಂತರು. "ಬೇಕು" ಎಂದು ಎದ್ದ ಕೈಗಳನ್ನು ವರ್ನಾ ಒಮ್ಮೆ ಸುತ್ತಲೂ ನೋಡಿದಳು. ಬಳಿಕ ತನ್ನ ಕೈಯನ್ನೂ ಅವುಗಳ ಜೊತೆಗೆ ಎತ್ತಿದಳು. ನಲವತ್ತೊಂದಕ್ಕೆ ಮೂವತ್ತಮೂರು.

ಅರ್ಲೋ ಬಾಗಿಲಿಗೆ ಬರುವಷ್ಟರಲ್ಲಿ ಅಲ್ಲಿ ನಿಂತಿದ್ದವನೊಬ್ಬ, "ರಸ್ತೆ ಹೋಯ್ತು ಅರ್ಲೋ. ನಿನ್ನ ಹೆಂಡ್ತೀನೇ ಕೈ ಎತ್ತಿದ್ಲು," ಎಂದ.

"ವರ್ನಾ, ನಿನಗೇನು ತಲೆ ಕೆಟ್ಟಿದ್ಯಾ?"

"ನೀನು ಸುಮ್ನಿರು," ಎಂದು ಆಕೆ ಎದ್ದು ನಿಂತಳು. "ಅಧ್ಯಕ್ಷರೇ, ಎಂಟನೇದು ಶುರು ಮಾಡ್ಬೇಡಿ. ಏಳನೇದನ್ನ ಮತ್ತೆ ತಗೋಬೇಕು. ಗೆದ್ದ ಕಡೆಯವರು ತಾನೇ ಕೇಳ್ಬಹುದು? ನಾನು ಗೆದ್ದ ಕಡೆಗೇ ಹಾಕಿದ್ದೀನಿ, ನೀವೇ ಎಣಿಸಿದ್ದೀರಿ."

ಡ್ವೈಟ್ ನಿಯಮದ ಪುಸ್ತಕ ತಿರುವಿ ಹಾಕಿ, ನಿಟ್ಟುಸಿರು ಬಿಟ್ಟು, ಅನುಮೋದಿಸುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಗ್ರಂಥಾಲಯದ ಹೆಂಗಸು ಕೈ ಎತ್ತಿದಳು. "ಮಧ್ಯಾಹ್ನದ ಊಟಕ್ಕೆ ಸೇಬಿನ ಪೈ ತಂದಿರೋಳು ಅವಳೇ," ಎಂದು ಕಾರಣವನ್ನೂ ಕೊಟ್ಟಳು.

ವರ್ನಾ ಗಂಡನ ತೋಳು ಜಗ್ಗಿದಳು. "ಈಗ ಮಾತಾಡು. ಊಟದ ಹೊತ್ತಿನವರೆಗೂ ನಿಲ್ಲಿಸ್ಬೇಡ."

ತಾನು ಇಪ್ಪತ್ತು ನಿಮಿಷ ಮಾತನಾಡಿದೆ ಎಂಬುದು ಅರ್ಲೋ ಅವರ ನೆನಪು. ಸಭೆಯ ದಾಖಲೆಯಲ್ಲಿ ಐವತ್ತೆರಡು ಎಂದಿದೆ. ರಸ್ತೆಯಿಂದ ಹೊರಟ ಭಾಷಣ ಹೆದ್ದಾರಿ ಮಸೂದೆಯನ್ನು ಹಾದು ಮೂರು ಉಪಸಮಿತಿಗಳನ್ನು ಸುತ್ತಿತು. ಅಷ್ಟರಲ್ಲಿ ಊಟ ಸಿದ್ಧವಾಗುತ್ತಿದ್ದ ನೆಲಮಾಳಿಗೆಯಿಂದ ಬೆಂದ ಹುರುಳಿಕಾಯಿ ಬೀಜದ ಘಮ ಮೇಲೇರಿತ್ತು. ಹಿಂದಿನ ಸಾಲಿನಿಂದ ಒಂದು ದನಿ ಬಂತು: "ಅರ್ಲೋ, ನಿನ್ನ ರಸ್ತೆ ನೀನೇ ಇಟ್ಕೋ ಮಾರಾಯ. ಹೊಟ್ಟೆ ಹಸೀತಿದೆ."

ಮರುಮತದಲ್ಲಿ ನಿರ್ಣಯ ಬಿದ್ದುಹೋಯಿತು. ಗುರುವಾರ ಹಿಮ ಸುರಿದಾಗ ಊರಿನ ಲಾರಿ ಎಂದಿನಂತೆ ಅವರ ಮನೆಯ ಬಾಗಿಲವರೆಗೂ ಬಂದು ಹೋಯಿತು.

ಇದನ್ನು ಬರೆಯುವುದಕ್ಕಾಗಿ ಇಬ್ಬರ ಮಾತನ್ನೂ ನಾನು ಬೇರೆ ಬೇರೆಯಾಗಿ ದಾಖಲಿಸಿಕೊಂಡೆ. ಅಂದು ಸೆನೆಟ್ಟಿನಲ್ಲಿ ಏನಾಯಿತೆಂದು ಕೇಳಿದಾಗ ಅರ್ಲೋ ಕಿಟಕಿಯಾಚೆ ನೋಡುತ್ತ, "ಮುಂದೂಡಿದ್ರು," ಎಂದರು. ಉಪಾಯ ಎಲ್ಲಿ ಕಲಿತಿರಿ ಎಂದು ವರ್ನಾಳನ್ನು ಕೇಳಿದೆ.

"ರೇಡಿಯೊದಲ್ಲೇ. ಸೋಲೋದು ಖಚಿತ ಆದ್ರೆ ಅಲ್ಲಿನ ನಾಯಕ ಕೊನೇ ಗಳಿಗೇಲಿ ಗೆದ್ದವರ ಕಡೆಗೆ ಮತ ಬದಲಾಯಿಸ್ತಾನಲ್ಲ. ಅದನ್ನ ಕೇಳ್ದಾಗೆಲ್ಲ ಇವನು ಬೈತಿದ್ದ. ಯಾಕೆ ಹಂಗೆ ಮಾಡ್ತಾನೆ ಅಂತ ನಾನು ಯೋಚಿಸ್ತಿದ್ದೆ."

ಮರುವರ್ಷದಿಂದ ಊರಸಭೆಯ ದಿನ ಗಾಡಿಯ ಕೀಲಿ ವರ್ನಾಳ ಕೈಚೀಲದಲ್ಲಿರುತ್ತದೆ.