ಗಾಳಿಗೂ ದೋಣಿಗೂ ನಡುವೆ ಒಂದು ಗಂಟಲು

ಬೆಳಕು ಇನ್ನೂ ಸರಿಯಾಗಿ ಮೂಡಿಲ್ಲ. ಬಂದರು ಕಚೇರಿಯ ಮಹಡಿಯ ಕೋಣೆಯಲ್ಲಿ ಹೆಂಗಸೊಬ್ಬರು ಕಸ ಗುಡಿಸುತ್ತಿದ್ದಾರೆ. ಅಧಿಕಾರಿಯ ಕುರ್ಚಿಯ ಹಿಂದೆ, ಕಿಟಕಿಯ ಸಂದಿಯಲ್ಲಿ, ಎಲ್ಲೆಲ್ಲೂ ಉಪ್ಪು ಕಟ್ಟಿಕೊಂಡ ಧೂಳು. ಪೊರಕೆ ನೆಲದ ಮೇಲೆ, ಕಿವಿ ಮಾತ್ರ ಮೂಲೆಯ ಯಂತ್ರದ ಮೇಲೆ. ಅದು ಕಿರ್ರೆಂದು ಕಾಗದ ಉಗುಳಲು ಶುರು ಮಾಡಿದ್ದೇ ತಡ, ಪೊರಕೆ ಗೋಡೆಗೆ ಒರಗುತ್ತದೆ. ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಕಾಗದ ಹರಿದುಕೊಳ್ಳುತ್ತಾರೆ. ತುಟಿ ಅಲುಗುತ್ತದೆ, ಸದ್ದಿಲ್ಲ. ಓದಿ ಮುಗಿಸುವಷ್ಟರಲ್ಲಿ ಹಣೆಯ ಮೇಲೆ ಬೆವರು. ಮೈಕಿನ ಗುಂಡಿ ಒತ್ತುತ್ತಾರೆ. ಕೆಳಗೆ ದೋಣಿ ಕಟ್ಟುವ ಧಕ್ಕೆಯ ಕಂಬಗಳಲ್ಲಿ ಧ್ವನಿವರ್ಧಕಗಳು ಕೆಮ್ಮುತ್ತವೆ.

“ಎಲ್ಲರಿಗೂ ಸೂಚನೆ. ನಡುಗಡಲಿನಲ್ಲಿ ವಾಯುಭಾರ ಕುಸಿತ ಉಂಟಾಗಿದೆ. ಅದು ಬಲಗೊಳ್ಳುವ ಸಾಧ್ಯತೆ ಇದೆ. ಗಾಳಿಯ ವೇಗ ಗಂಟೆಗೆ ಐವತ್ತೈದು ಕಿಲೋಮೀಟರ್, ಆಗಾಗ ಅರವತ್ತೈದರವರೆಗೆ. ಅಲೆಗಳು ನಾಲ್ಕು ಮೀಟರ್ ಎತ್ತರಕ್ಕೆ ಏಳುವ ಸಾಧ್ಯತೆ ಇದೆ. ಮೀನುಗಾರರು ಸಮುದ್ರಕ್ಕೆ ಇಳಿಯಬಾರದು.”

ಧಕ್ಕೆಯಲ್ಲಿ ಒಬ್ಬರೂ ತಲೆಯೆತ್ತುವುದಿಲ್ಲ. ಎತ್ತರದ ಕಂಬದಲ್ಲಿ ಅಪಾಯದ ಗುರುತು ಏರಿದೆ, ಅದನ್ನೂ ನೋಡುವುದಿಲ್ಲ. ಮಂಜುಗಡ್ಡೆ ಹೊರುವವರು, ಬಲೆ ಕೊಡವುವವರು, ಇಂಜಿನ್ನಿಗೆ ಎಣ್ಣೆ ಸುರಿಯುವವರು, ಎಲ್ಲರ ಕಣ್ಣೂ ನೀಲಿ ಬಣ್ಣದ ಒಂದು ದೋಣಿಯ ಹಗ್ಗದ ಮೇಲೆ. ಆ ದೋಣಿಯ ಚುಕ್ಕಾಣಿ ಹಿಡಿಯುವವರು ಮಹಡಿಯ ಮೇಲೆ ಸೂಚನೆ ಓದಿದ ಹೆಂಗಸಿನ, ಊರವರು ಕರೆಯುವ ‘ಮೈಕಕ್ಕ’ನ, ಗಂಡ.

ಈ ಬಂದರಿನ ಹವಾಮಾನ ಮುನ್ಸೂಚನೆ ಇರುವುದೇ ಹೀಗೆ. ಉಪಗ್ರಹ ಆಕಾಶದಿಂದ ಏನು ನೋಡಿದರೂ, ದೂರದ ನಗರದಲ್ಲಿ ಯಾರು ಯಾವ ನಕ್ಷೆ ಬಿಡಿಸಿದರೂ, ಕೊನೆಗೆ ಜನ ನಂಬುವುದು ‘ಮೈಕಕ್ಕನ ಗಂಡ ಹೋದನಾ, ಉಳಿದನಾ’ ಎಂಬುದನ್ನು. ಅವರ ಹಗ್ಗ ಬಿಚ್ಚಿದರೆ ಅರವತ್ತು ದೋಣಿಗಳ ಹಗ್ಗ ಬಿಚ್ಚುತ್ತದೆ. ಕಟ್ಟಿದ್ದರೆ ಕಟ್ಟಿರುತ್ತದೆ. ಒಂದೊಂದು ದೋಣಿಯಲ್ಲಿ ಎಂಟು, ಹತ್ತು ಜನ. ಲೆಕ್ಕ ನೀವೇ ಹಾಕಿಕೊಳ್ಳಿ.

“ಹೋದ ವರ್ಷ ಇವರಿಗೆ ಜ್ವರ ಬಂದು ಮಲಗಿದ್ರು. ಆಕಾಶ ಕನ್ನಡಿ ಹಾಗಿತ್ತು. ಒಂದು ದೋಣಿನೂ ಹೊರಡ್ಲಿಲ್ಲ! ಮೈಕಕ್ಕ ಏನೋ ಮುಚ್ಚಿಡ್ತಿದಾಳೆ ಅಂದ್ಕೊಂಡ್ರು. ಇಡೀ ಬಂದರು ನನ್ನ ಗಂಡನ ಜ್ವರಕ್ಕೆ ರಜೆ ಹಾಕ್ತು,” ಎಂದು ನಗುತ್ತಾರೆ ಮೈಕಕ್ಕ. ನಗು ಬಂದಷ್ಟೇ ಬೇಗ ಆರಿಹೋಗುತ್ತದೆ. “ನಗೋ ವಿಷಯ ಅಲ್ಲ ಬಿಡಿ. ರಾತ್ರಿ ಹಾಸಿಗೇಲಿ ಪಕ್ಕದಲ್ಲಿ ಮಲಗಿರೋ ಮನುಷ್ಯನ್ನ ನೋಡಿದ್ರೆ ಇಡೀ ಧಕ್ಕೆನೇ ಮಲಗಿರೋ ಹಾಗೆ ಕಾಣುತ್ತೆ.”

ಮೈಕಕ್ಕ ಕಚೇರಿಯ ದಾಖಲೆಯಲ್ಲಿ ಕಸ ಗುಡಿಸುವವರು. ಇವತ್ತಿಗೂ ಅಷ್ಟೇ. ಈ ಮೈಕು ಅವರ ಕೈಗೆ ಬಂದ ಕಥೆ ನಮ್ಮ ವ್ಯವಸ್ಥೆಯ ಮುಖಕ್ಕೆ ಹಿಡಿಯಬೇಕಾದದ್ದು. ದೋಣಿಗಳು ಹೊರಡುವುದು ನಸುಕಿನಲ್ಲಿ. ಕಚೇರಿಯ ಬಾಗಿಲು ತೆರೆಯುವುದು ಹತ್ತು ಗಂಟೆಗೆ. ಸಮುದ್ರಕ್ಕೆ ಕಚೇರಿಯ ವೇಳಾಪಟ್ಟಿ ಗೊತ್ತಿರಲಿಲ್ಲ. ಒಂದು ನಸುಕಿನಲ್ಲಿ ಯಂತ್ರ ಬಿರುಗಾಳಿಯ ಸುದ್ದಿಯನ್ನು ಉಗುಳಿತು. ಅಧಿಕಾರಿ ಬೀಗ ಹಾಕಿ ಕೀಲಿ ಒಯ್ದಿದ್ದ ಕೋಣೆಯಲ್ಲಿ ಆ ಕಾಗದ ನೆಲದ ಮೇಲೆ ಬಿದ್ದಿತ್ತು. ಬೀಗ ತೆರೆಯುವ ಹೊತ್ತಿಗೆ ಮೈಕಕ್ಕನ ಅಣ್ಣನ ದೋಣಿ ದಡ ಬಿಟ್ಟಾಗಿತ್ತು. ಆ ದೋಣಿಯ ಒಂದು ಹಲಗೆ ಸಿಕ್ಕಿತು. ಅಣ್ಣ ಸಿಗಲಿಲ್ಲ.

ಜನ ಕಚೇರಿಗೆ ಮುತ್ತಿಗೆ ಹಾಕಿದರು, ಕಿಟಕಿ ಗಾಜು ಪುಡಿಯಾಯಿತು. ಆಗ ಮೇಲಿನವರಿಗೆ ಹೊಳೆದ ಪರಿಹಾರವೇನು? ನಸುಕಿಗೆ ಒಬ್ಬ ನೌಕರನನ್ನು ನೇಮಿಸುವುದಲ್ಲ. ‘ಹೇಗೂ ಕಸ ಗುಡಿಸುವವಳು ಬೇಗ ಬರುತ್ತಾಳೆ, ಅಕ್ಷರ ಬರುತ್ತೆ, ಅವಳೇ ಓದಲಿ.’ ಸತ್ತವನ ತಂಗಿಯ ಕೈಗೆ ಪೊರಕೆಯ ಜೊತೆ ಕೋಣೆಯ ಕೀಲಿಯನ್ನೂ ಮೈಕನ್ನೂ ಕೊಟ್ಟರು. ಒಂದು ಷರತ್ತು: ಕಾಗದದಲ್ಲಿ ಇದ್ದದ್ದಷ್ಟೇ ಓದಬೇಕು. ಸ್ವಂತದ್ದು ಒಂದು ಅಕ್ಷರವೂ ಇರಕೂಡದು.

“ವಾಯುಭಾರ ಅಂದ್ರೆ ಏನು ಅಂತ ನನಗೂ ಅರ್ಧಂಬರ್ಧನೇ,” ಎನ್ನುತ್ತಾರೆ ಅವರು, ಮುಚ್ಚುಮರೆಯಿಲ್ಲದೆ. “ನೀರು ಬೆಚ್ಚಗಾದಷ್ಟೂ ಗಾಳಿಗೆ ಸೊಕ್ಕು ಬರುತ್ತೆ ಅಂತ ಫೋನಿನ ಮೇಡಂ ಹೇಳಿದ್ರು. ಅವತ್ತಿಂದ ಬರುವಾಗ ಧಕ್ಕೆ ಮೆಟ್ಟಿಲಲ್ಲಿ ಕೂತು ನೀರಿಗೆ ಕೈ ಅದ್ದಿ ನೋಡ್ತೀನಿ. ಈ ತಿಂಗಳು ಮಗೂಗೆ ಸ್ನಾನ ಮಾಡ್ಸೋ ನೀರಿನ ಹಾಗಿದೆ. ಕೈ ತೆಗೆದ ಮೇಲೂ ಹೆದರಿಕೆ ಕೈಗೆ ಅಂಟ್ಕೊಂಡೇ ಇರುತ್ತೆ.” ಫೋನಿನ ಮೇಡಂ ಎಂದರೆ ನಗರದಲ್ಲಿ ಕುಳಿತು ಈ ಬಿಸಿ ಕಡಲುಗಳ ಮುನ್ಸೂಚನೆ ಬರೆಯುವ ಹವಾಮಾನ ಅಧಿಕಾರಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ.

ಈ ತಿಂಗಳು ಎರಡು ಸಲ ಗಾಳಿಯ ಎಚ್ಚರಿಕೆ ಬಂತು. ಎರಡೂ ಸಲ ಗಾಳಿ ಬರಲಿಲ್ಲ. ದುಡಿಮೆ ಮಾತ್ರ ಹೋಯಿತು. ನೀರಿನ ನಲ್ಲಿಯ ಹತ್ತಿರ ಹೆಂಗಸರು ಇವರನ್ನು ಕಂಡರೆ ಕೊಡ ಸರಿಸಿಕೊಳ್ಳುತ್ತಾರೆ. “ಬಂದಳಪ್ಪ ಬಿರುಗಾಳಿ, ಒಲೆ ಆರಿಸೋಕೆ,” ಎಂದು ಬಲೆ ಹೆಣೆಯುವ ಅಜ್ಜಿಯೊಬ್ಬರು ಅವರಿಗೆ ಕೇಳುವಂತೆಯೇ ಅನ್ನುತ್ತಾರೆ. ಇವತ್ತಿನದು ಮೂರನೆಯ ಎಚ್ಚರಿಕೆ. ನಂಬಿಕೆ ತಳ ಕಂಡಿದೆ.

ನೀಲಿ ದೋಣಿಯ ಮಾಲೀಕರು ಏದುಸಿರು ಬಿಡುತ್ತಾ ಮಹಡಿ ಹತ್ತಿ ಬರುತ್ತಾರೆ.

“ಏನಮ್ಮಾ, ದಿನಾ ಇದೇ ಹಾಡಾಯ್ತಲ್ಲ! ಗಂಡನ್ನ ಮನೇಲಿ ಕೂಡಿಸ್ಕೊಂಡು ಆರತಿ ಎತ್ತಬೇಕು ಅಂತಿದ್ರೆ ನೇರವಾಗಿ ಹೇಳಿಬಿಡು.”

“ಕಾಗದದಲ್ಲಿ ಇರೋದನ್ನ ಓದಿದೆ, ಯಜಮಾನ್ರೇ.”

“ಕಾಗದದಲ್ಲಿ ಸಾಧ್ಯತೆ ಅಂತಿದೆ. ಸಾಧ್ಯತೆಗೆಲ್ಲ ದೋಣಿ ಕಟ್ಟಿದ್ರೆ ನಾನು ಬೇರೆ ವ್ಯಾಪಾರ ನೋಡ್ಕೋಬೇಕು. ನಿನ್ನ ಗಂಡ ಇವತ್ತು ಹೊರಡಲಿಲ್ಲ ಅಂದ್ರೆ ನಾಳೆಯಿಂದ ಚುಕ್ಕಾಣಿ ಬೇರೆಯವರದು. ಅವನಿಗೂ ಹೇಳಿದೀನಿ.”

ಮಾಲೀಕರ ಬೆರಳಿಗೆ ಉಪ್ಪುನೀರು ಸೋಕಿ ಎಷ್ಟು ಕಾಲವಾಯಿತೋ. ದೋಣಿಗೆ ವಿಮೆಯಿದೆ. ಒಳಗೆ ಕೂರುವವರಿಗಿಲ್ಲ. ಮೀನು ತಿನ್ನುವ ನಾವು ಇದನ್ನು ಎಂದಾದರೂ ಕೇಳಿದ್ದೇವೆಯೇ?

ಕೆಳಗೆ ಇಂಜಿನ್ ಗುಡುಗುತ್ತದೆ. ಮೈಕಕ್ಕ ಕಿಟಕಿಗೆ ಓಡುತ್ತಾರೆ. ನೀಲಿ ದೋಣಿಯ ಅಂಚಿನಲ್ಲಿ ಗಂಡ ಬಗ್ಗಿ ನಿಂತಿದ್ದಾರೆ. ಹಗ್ಗದ ಮೊದಲ ಸುತ್ತು ಸಡಿಲವಾಗಿದೆ. ಅದನ್ನು ನೋಡಿದ ಪಕ್ಕದ ದೋಣಿಯವರು ತಮ್ಮ ಹಗ್ಗಕ್ಕೆ ಕೈ ಹಾಕುತ್ತಾರೆ. ಅದರಾಚೆಯವರು, ಅದರಾಚೆಯವರು. ಒಂದರ ಹಿಂದೊಂದು ಇಂಜಿನ್ ಶುರುವಾಗಿ ಧಕ್ಕೆಯ ತುಂಬ ಹೊಗೆ. ಆಕಾಶ ತಿಳಿಯಾಗಿದೆ, ಗಾಳಿಯ ಸುಳಿವಿಲ್ಲ.

ಮೈಕಕ್ಕ ಮತ್ತೆ ಗುಂಡಿ ಒತ್ತುತ್ತಾರೆ. ಕೈಯಲ್ಲಿ ಕಾಗದವಿಲ್ಲ.

“ರೀ... ನಿಮಗೇ ಹೇಳ್ತಿರೋದು. ಎಲ್ಲರೂ ಕೇಳಿಸ್ಕೊಳ್ಳಲಿ. ಗಾಳಿ ಬರುತ್ತೋ ಇಲ್ವೋ ನನಗೆ ಗೊತ್ತಿಲ್ಲ. ನನಗೆ ಭಯ ಆಗ್ತಿದೆ. ಅಣ್ಣನ್ನ ಕಳ್ಕೊಂಡಿದೀನಿ, ನಿಮ್ಮನ್ನ ಕಳ್ಕೊಳ್ಳಲಾರೆ. ಚುಕ್ಕಾಣಿ ಹೋದ್ರೆ ಹೋಗಲಿ. ಹಗ್ಗ ಕಟ್ಟಿ.”

ಧ್ವನಿವರ್ಧಕದಲ್ಲಿ ಆ ಉಸಿರಾಟ ಇಡೀ ಧಕ್ಕೆಗೆ ಕೇಳಿಸುತ್ತದೆ. ಅಧಿಕೃತ ಭಾಷೆಯಲ್ಲಿ ಗಾಳಿಗೆ ವೇಗವಿದೆ, ಅಲೆಗೆ ಎತ್ತರವಿದೆ. ಹೆದರಿದ ಮನುಷ್ಯರಿಗೆ ಜಾಗವಿಲ್ಲ. ಗಂಡ ತಲೆಯೆತ್ತಿ ಕಿಟಕಿಯನ್ನು ನೋಡುತ್ತಾರೆ. ಯಾರೋ ಒಬ್ಬ ಕುಹಕವಾಡುತ್ತಾನೆ: “ಅಣ್ಣಾ, ಮನೆ ಜಗಳ ಮನೇಲೇ ಮುಗಿಸ್ಕೊಂಡು ಬರಬಾರದಿತ್ತಾ?” ಒಂದಿಬ್ಬರು ನಗುತ್ತಾರೆ. ಗಂಡ ನಗುವುದಿಲ್ಲ. ನಿಧಾನಕ್ಕೆ ಬಗ್ಗಿ, ಬಿಚ್ಚಿದ ಸುತ್ತನ್ನು ಮತ್ತೆ ಬಿಗಿಯುತ್ತಾರೆ. ಇಂಜಿನ್ನುಗಳು ಒಂದೊಂದಾಗಿ ಆರುತ್ತವೆ. ಮಾಲೀಕರು ಮೆಟ್ಟಿಲನ್ನು ಒದೆಯುವಂತೆ ತುಳಿಯುತ್ತಾ ಇಳಿದು ಹೋಗುತ್ತಾರೆ.

ದಿನವಿಡೀ ದಡದಲ್ಲಿ ಚುರುಗುಟ್ಟುವ ಬಿಸಿಲು. ಒಂದು ಎಲೆಯೂ ಅಲುಗುವುದಿಲ್ಲ. ಮಧ್ಯಾಹ್ನಕ್ಕೆ ಬೈಗುಳ ಶುರು. ಕಿಟಕಿಯ ಕೆಳಗೆ ನಿಂತೇ ಬೈಯುತ್ತಾರೆ. ಮೈಕಕ್ಕ ಬಾಗಿಲು ಹಾಕಿಕೊಳ್ಳದೆ ನೆಲ ಒರೆಸುತ್ತಾರೆ.

ಸಂಜೆ ಫೋನು ಬಡಿದುಕೊಳ್ಳುತ್ತದೆ. ಅತ್ತಲಿಂದ ಹವಾಮಾನ ಅಧಿಕಾರಿ. “ದಡಕ್ಕೆ ಬರಲಿಲ್ಲ ಅಕ್ಕಾ. ನಡುಗಡಲಲ್ಲೇ ಪಕ್ಕಕ್ಕೆ ತಿರುಗ್ತು. ನಿಮ್ಮ ದೋಣಿಗಳು ಬಲೆ ಬೀಸೋ ಜಾಗದ ಮೇಲೇ ಹಾದುಹೋಗಿದೆ. ಬೆಳಿಗ್ಗೆ ‘ಸಾಧ್ಯತೆ’ ಅಂತ ಬರೆಯೋವಾಗ ನನಗೂ ಭಯ ಇತ್ತು. ಯಾರಾದ್ರೂ ಹೋಗಿದಾರಾ?”

“ಯಾರೂ ಇಲ್ಲ ಮೇಡಂ,” ಎನ್ನುತ್ತಾರೆ ಮೈಕಕ್ಕ. ರಿಸೀವರ್ ಇಟ್ಟು ಒದ್ದೆ ನೆಲದ ಮೇಲೇ ಕುಸಿದು ಕೂರುತ್ತಾರೆ.

ಸುದ್ದಿ ಧಕ್ಕೆಗೆ ತಲುಪಿದಾಗ ನಂಬಿದವರು ಕೆಲವರು, ನಂಬದವರೇ ಹೆಚ್ಚು. ದೋಣಿ ಮುಳುಗಿದ್ದರೆ ಸಾಕ್ಷಿಗೆ ಹೆಣಗಳಿರುತ್ತಿದ್ದವು. ಪತ್ರಿಕೆಗಳು ಬರುತ್ತಿದ್ದವು, ಮಂತ್ರಿಗಳು ಬರುತ್ತಿದ್ದರು. ಸಾಯದೆ ಉಳಿದವರಿಗೆ ಸಾಕ್ಷಿಯಿಲ್ಲ. ಅವರನ್ನು ಎಣಿಸುವ ಕಚೇರಿಯನ್ನು ಯಾವ ಸರ್ಕಾರವೂ ಇನ್ನೂ ತೆರೆದಿಲ್ಲ.

ನೀಲಿ ದೋಣಿಗೆ ಬೇರೆ ಚುಕ್ಕಾಣಿಗಾರ ಬಂದಿದ್ದಾನೆ. ಮೈಕಕ್ಕನ ಗಂಡ ಈಗ ಸ್ನೇಹಿತರೊಬ್ಬರ ಸಣ್ಣ ದೋಣಿಯಲ್ಲಿ ಬಲೆ ಎಳೆಯುತ್ತಾರೆ. ಜನರ ಕಣ್ಣು ಈಗ ಆ ಸಣ್ಣ ದೋಣಿಗೆ ಬಿದ್ದಿದೆ. ಮೇಲಧಿಕಾರಿಗಳು ಮೈಕಕ್ಕನನ್ನು ಕರೆಸಿ, ಕಸ ಗುಡಿಸುವವಳು ಸರ್ಕಾರಿ ಮೈಕಿನಲ್ಲಿ ಸ್ವಂತ ಮಾತಾಡಿದ್ದು ಶಿಸ್ತಿಗೆ ವಿರುದ್ಧ ಎಂದಿದ್ದಾರೆ. ಹೊಸಬರನ್ನು ಹುಡುಕುತ್ತಿದ್ದಾರಂತೆ: ಸ್ಪಷ್ಟ ಉಚ್ಚಾರಣೆ, ಒಳ್ಳೆಯ ಕಂಠ. ಅಲ್ಲಿಯವರೆಗೆ ಇವರೇ ಓದಬೇಕು. ಸಮುದ್ರ ಇನ್ನೂ ಬೆಚ್ಚಗಿದೆ.

ಮೈಕು ಕೈತಪ್ಪಿದರೆ ಬೇಸರವಾಗುವುದಿಲ್ಲವೇ?

ಅವರು ಪೊರಕೆಯ ಕಡ್ಡಿಗಳನ್ನು ನೆಲಕ್ಕೆ ಕುಟ್ಟಿ ಸರಿಮಾಡಿಕೊಳ್ಳುತ್ತಾರೆ. “ಬೇರೆಯವರು ಕೂತ್ಕೊಳ್ಳಲಿ, ಚೆನ್ನಾಗೇ ಓದಲಿ. ನಂದೊಂದೇ ಬೇಡಿಕೆ. ಯಾರನ್ನ ಕೂಡಿಸಿದ್ರೂ, ಅವರ ಮನೆಯವರೊಬ್ಬರು ನೀರಿನ ಮೇಲಿರಬೇಕು.”