ಶೈಲೊಬೆಕ್ ಅಜ್ಜನ ಜಂಬಾಷ್

ಕಿರ್ಗಿಸ್ತಾನದ ನಮ್ಮ ನರಿನ್ ಸೀಮೆಯಲ್ಲಿ ಒಬ್ಬ ಮನುಷ್ಯ ಬದುಕಿನಲ್ಲಿ ಎಷ್ಟು ಮೇಲೆ ಬಂದಿದ್ದಾನೆ ಅಂತ ತಿಳಿಯಬೇಕಾದರೆ ಅವನ ಮನೆ ನೋಡಬೇಡಿ, ಕುದುರೆ ನೋಡಬೇಡಿ. ಔತಣದಲ್ಲಿ ಅವನ ಮುಂದೆ ಕುರಿಯ ಯಾವ ಮೂಳೆ ಬಂತು ಅಂತ ನೋಡಿ, ಸಾಕು. ಶೈಲೊಬೆಕ್‌ಗೆ ಮದುವೆಯಾದ ವರ್ಷ ಬಂದದ್ದು ಬೆನ್ನುಮೂಳೆಯ ಒಂದು ಗಂಟು. ಕಲ್ಹೋಜಿನಲ್ಲಿ, ಅಂದರೆ ಸರ್ಕಾರದ ಸಾಮೂಹಿಕ ಜಮೀನಿನಲ್ಲಿ, ಟ್ರ್ಯಾಕ್ಟರ್ ಓಡಿಸಿ ಪದಕ ಗಿಟ್ಟಿಸಿದಾಗ ಪಕ್ಕೆಲುಬು. ತಲೆ ನರೆತ ಮೇಲೆ ಮುಂಗಾಲು, ಮೊಮ್ಮಕ್ಕಳಾದ ಮೇಲೆ ತೊಡೆಮೂಳೆ. ಹೀಗೆ ಪಾಪ, ಕುರಿಯ ಮೈಮೇಲೆ ಒಂದೊಂದೇ ಮೆಟ್ಟಿಲು ಹತ್ತುತ್ತಾ ಹತ್ತುತ್ತಾ ಅಜ್ಜನಿಗೆ ಎಪ್ಪತ್ತೆಂಟಾಯಿತು. ಉಳಿದದ್ದು ಒಂದೇ, ಜಂಬಾಷ್. ಅಂದರೆ ಚಪ್ಪೆಮೂಳೆ. ಅದು ಊರಿಗೇ ಹಿರಿಯನಾದ ಗಂಡಸಿಗೆ ಮೀಸಲು.

ಕುರಿಗೆ ಚಪ್ಪೆ ಎರಡಿರುತ್ತದಲ್ಲ ಅನ್ನಬಹುದು ನೀವು. ಇರುತ್ತದೆ. ಆದರೆ ಮದುವೆಯಲ್ಲಿ ಒಂದು ಬೀಗರ ಕಡೆಯ ಹಿರಿಯನಿಗೆ ಹೋಗುತ್ತದೆ. ನಮ್ಮ ಪಾಲಿಗೆ ಒಂದೇ.

ಆ ಒಂದನ್ನು ಹತ್ತಾರು ವರ್ಷದಿಂದ ತಿನ್ನುತ್ತಿದ್ದ ಹಿರಿಯಜ್ಜ ಕಳೆದ ಚಳಿಗಾಲದಲ್ಲಿ ತೀರಿಕೊಂಡ. ಮಣ್ಣಿಗೆ ಹೋದವರಲ್ಲಿ ಶೈಲೊಬೆಕ್‌ನಷ್ಟು ಜೋರಾಗಿ ಅತ್ತವರು ಯಾರೂ ಇರಲಿಲ್ಲ. ಆ ಅಳು ನಿಜವಾದದ್ದೇ, ಸುಳ್ಳು ಹೇಳಬಾರದು. ಆದರೆ ವಾಪಸು ಬರುವಾಗ ಅವನು ತನ್ನ ಓರಗೆಯವನಾದ ಜಪಾರನ ತೋಳು ಹಿಡಿದು ಕೇಳಿದ ಮಾತು ಮಾತ್ರ ಇದು: "ಲೋ ಜಪಾರ, ನೀನು ಹುಟ್ಟಿದ್ದು ನನಗಿಂತ ಆಮೇಲೆ ಅಲ್ವೇನೋ?"

"ಹೌದು ಮಾರಾಯ, ನಿನಗಿಂತ ಒಂದು ವಾರ ಮೊದಲೇ ಹುಟ್ಟೋಣ ಅಂತಿದ್ದೆ. ನಮ್ಮಮ್ಮ ಬಿಡಲಿಲ್ಲ," ಅಂದ ಜಪಾರ. "ಹೋಗು, ಜಂಬಾಷ್ ನಿಂದೇ. ನೀನು ಹೋದ್ಮೇಲೆ ನಂದು. ಏನೂ ಅವಸರ ಇಲ್ಲ."

ವಸಂತ ಮುಗಿಯುತ್ತಲೇ ಅಜ್ಜನ ತೀರಿಹೋದ ಅಣ್ಣನ ಮೊಮ್ಮಗನ ಮದುವೆ ಗೊತ್ತಾಯಿತು. ಅಜ್ಜ ಹೊಸ ಟೋಪಿ ತರಿಸಿದ. ಕಟ್ಟುಹಲ್ಲನ್ನು ತಿಕ್ಕಿ ತಿಕ್ಕಿ ಹೊಳಪು ಮಾಡಿದ. ಆಗಲೇ ನೋಡಿ, ಒಂದು ಬೆಳಿಗ್ಗೆ ಕೆಸರಾಗಿದ್ದ ಹಳ್ಳದ ದಂಡೆಯಲ್ಲಿ ಬಿದ್ದ. ಬಿದ್ದದ್ದು ಎಲ್ಲಿಯ ಮೇಲೆ? ಚಪ್ಪೆಯ ಮೇಲೆ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ತುತ್ತು ಕೈಗೂ ಬಂದಿರಲಿಲ್ಲ.

ಜಿಲ್ಲಾಸ್ಪತ್ರೆಯ ಡಾಕ್ಟರಮ್ಮ ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನಮ್ಮಲ್ಲಿ ಹಿರಿಯ ಗಂಡಸರನ್ನು ಅತಾ ಅಂತ ಕರೆಯುವುದು ರೂಢಿ.

"ಅತಾ, ಇಲ್ಲಿ ನೋಡಿ. ಈ ಕಡೆ ಒಂದು ರೆಕ್ಕೆ, ಆ ಕಡೆ ಒಂದು ರೆಕ್ಕೆ. ಇವೇ ನಿಮ್ಮ ಎರಡು ಚಪ್ಪೆಮೂಳೆ. ಮುಂದುಗಡೆ ಇವೆರಡೂ ಸೇರೋ ಜಾಗದ ಪಕ್ಕದಲ್ಲಿ ಬಿರುಕು ಬಿಟ್ಟಿದೆ."

"ಮಗಾ, ನನಗೇ ಜಂಬಾಷ್ ತೋರಿಸ್ತೀಯಾ? ಚಿಕ್ಕಂದಿನಿಂದ ನೋಡ್ತಾನೇ ಇದೀನಿ. ತಿನ್ನೋ ಯೋಗ ಬಂದಿಲ್ಲ ಅಷ್ಟೆ."

"ಕುರಿದು ಉದ್ದಕ್ಕಿರುತ್ತೆ ಅತಾ. ನಾವು ಎದ್ದು ನಿಂತು ಓಡಾಡೋರು, ಅದಕ್ಕೆ ನಮ್ಮದು ಅಗಲ, ಬೋಗುಣಿ ಥರ. ಹೊಟ್ಟೆ ಒಳಗಿರೋದೆಲ್ಲ ಇದರಲ್ಲೇ ಕೂತಿರುತ್ತೆ. ಪಕ್ಕದಲ್ಲಿ ಈ ಬಟ್ಟಲಿನಂಥ ಗುಳಿ ಇದೆಯಲ್ಲ, ತೊಡೆಮೂಳೆ ಗುಂಡು ಇಲ್ಲಿ ತಿರುಗೋದು. ಅದಕ್ಕೇನೂ ಆಗಿಲ್ಲ. ಹಿಂದುಗಡೆ ನಡುವಿನ ಮೂಳೆನೂ ಎರಡು ರೆಕ್ಕೆ ಮಧ್ಯೆ ಬೆಣೆ ಹೊಡೆದ ಹಾಗೆ ಗಟ್ಟಿಯಾಗಿ ಕೂತಿದೆ. ಎಲ್ಲಾನೂ ಹಿಡಿದಿರೋದು ಅದೇ. ಅದು ಸಡಿಲ ಆಗಿದ್ರೆ ಕಷ್ಟ ಆಗ್ತಿತ್ತು."

ಅಜ್ಜನಿಗೆ ಮೂಳೆ ಮುರಿದದ್ದಕ್ಕಿಂತ ಈ ಮಾತು ಹೆಚ್ಚು ನೋಯಿಸಿತು. ನಡುವಿನ ಮೂಳೆಗೆ ನಮ್ಮಲ್ಲಿ ಉಚಾ ಅನ್ನುತ್ತಾರೆ. ಅದು ಹೆಂಗಸರ ಪಾಲು, ಮನೆಯ ಹಿರಿಯಮ್ಮನಿಗೆ ಕೊಡುವ ತುಂಡು.

"ಉಚಾನೇ? ಹೆಂಗಸರ ಮೂಳೆ ಜಂಬಾಷನ್ನ ಹಿಡಿದಿರುತ್ತೇನು?" ಅಂತ ಕೇಳಿದ. ಮೂಲೆಯಲ್ಲಿ ಕೋಟು ಹಿಡಿದು ನಿಂತಿದ್ದ ಹೆಂಡತಿ ಬುರ್ಮಕಾನ್ ತುಟಿ ಬಿಗಿಹಿಡಿದು ಗೋಡೆ ನೋಡಿದಳು.

ಮದ್ದು ಅಂತ ಹೇಳಿದ್ದು ಇಷ್ಟೇ: ಗಟ್ಟಿ ಹಲಗೆಯ ಮೇಲೆ ಅಂಗಾತ ಮಲಗಬೇಕು. ಮಂಡಿ ಕೆಳಗೆ ಸುರುಳಿ ಸುತ್ತಿದ ಕಂಬಳಿ, ಹಿಮ್ಮಡಿ ಎರಡೂ ಕೂಡಿರಬೇಕು, ಮಂಡಿಗಳು ಅಗಲವಾಗಿರಬೇಕು. ಥೇಟ್ ಕಪ್ಪೆ. ಏಳುವ ಹಾಗಿಲ್ಲ. ಗಡುವು ಮುಗಿಯಲು ಮದುವೆ ಆದ ಮೇಲೂ ಒಂದು ವಾರ ಬೇಕು.

ಬುರ್ಮಕಾನ್ ಕೊಟ್ಟಿಗೆಯ ಬಾಗಿಲನ್ನೇ ಕಳಚಿ ತಂದು ಹಾಸಿದಳು. ಅದರ ಮೇಲೆ ಅಜ್ಜ ಕಪ್ಪೆಯಾದ. ಎಲ್ಲರಿಗಿಂತ ಸಂಕಟಕ್ಕೆ ಬಿದ್ದವಳು ಸೊಸೆ ಜಾರ್ಕಿನ್. ಮಾವನಿಗೆ ಬೆನ್ನು ತೋರಿಸುವುದು ಸೊಸೆಗೆ ಸಲ್ಲದು, ಈ ಭಂಗಿಯಲ್ಲಿರುವ ಮಾವನಿಗೆ ಮುಖ ತೋರಿಸುವುದಂತೂ ಯಾರಿಗೂ ಸಲ್ಲದು. ಆದ್ದರಿಂದ ಅವಳು ಚಹಾ ಹಿಡಿದು ಏಡಿಯ ಹಾಗೆ ಅಡ್ಡಡ್ಡ ನಡೆದು ಬಂದು, ಅಡ್ಡಡ್ಡವೇ ಹೋಗುತ್ತಿದ್ದಳು. ಕಪ್ಪೆ ಮಾವ, ಏಡಿ ಸೊಸೆ. ಮನೆ ಮನೆಯಾಗಿ ಉಳಿಯಲಿಲ್ಲ, ಹೊಂಡವಾಯಿತು.

ಜಪಾರ ನೋಡಲು ಬಂದ. ಓರಗೆಯವರಿಗೆ ನಮ್ಮಲ್ಲಿ ಲಂಗುಲಗಾಮಿಲ್ಲ.

"ಏನೋ, ಎಲ್ಲಿಗೆ ಹಾರೋಕೆ ಹೊರಟಿದೀಯಾ? ನೊಣ ಹಿಡೀತೀಯಾ?"

"ನಗು, ನಗು. ಕುದುರೆ ಕೆಡವಿತು ಕಣೋ. ಗಂಡಸರಿಗೆ ಆಗೋದೇ."

"ಯಾವ ಕುದುರೆ? ನಿನ್ನ ಕುದುರೆ ಮೇಲಿನ ಹುಲ್ಲುಗಾವಲಲ್ಲಿ ಮೇಯ್ತಿದೆ." ಜಪಾರ ದನಿ ತಗ್ಗಿಸಿದ. "ಅವತ್ತು ಒಂದು ಕತ್ತೆ ಮಾತ್ರ ನಮ್ಮ ಹಿತ್ತಲಿಗೆ ಬಂದು ನಿಂತಿತ್ತಪ್ಪ. ಜೀನಿನ ಚೀಲದಲ್ಲಿ ಒಂದು ಕನ್ನಡಕ ಇತ್ತು. ಯಾರದಿರಬಹುದು?"

ಅಜ್ಜನ ಮುಖ ಬಿಳುಚಿತು. ಕತ್ತೆಯಿಂದ ಬಿದ್ದವನಿಗೆ ಜಂಬಾಷ್ ಇರಲಿ, ನಮ್ಮ ಊರಿನಲ್ಲಿ ಗೊರಸನ್ನೂ ಕೊಡುವುದಿಲ್ಲ. ಇಷ್ಟು ದಿನ ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಿರಲಿಲ್ಲ. ಈಗ ಆ ಮೀಸೆ ಜಪಾರನ ಕೈಯಲ್ಲಿತ್ತು, ಮುಂದಿನ ಜಂಬಾಷ್ ಕೂಡ ಅವನದೇ ಆಗುವುದಿತ್ತು.

ಮದುವೆಯ ದಿನ ಬೆಳಿಗ್ಗೆ ಅಜ್ಜ ಗೋಡೆಗೆ ಮುಖ ಮಾಡಿ, "ಹೋಗಿ, ನೀವೆಲ್ಲ ಹೋಗಿ, ಚೆನ್ನಾಗಿ ತಿನ್ನಿ," ಅಂದ. ಬುರ್ಮಕಾನ್ ಮೂಲೆಯಲ್ಲಿದ್ದ ಹಗ್ಗ ಕೈಗೆತ್ತಿಕೊಂಡಳು.

"ಮುದುಕಾ, ಸುಮ್ಮನಿರು. ಡಾಕ್ಟರಮ್ಮ ಹಲಗೆ ಬಿಟ್ಟು ಏಳಬಾರದು ಅಂದಳು. ಹಲಗೆ ಮನೆ ಬಿಟ್ಟು ಹೋಗಬಾರದು ಅಂದಳಾ?"

ನಾಲ್ಕು ಜನ ಬಾಗಿಲನ್ನು ಎತ್ತಿದರು. ಹೊಸ ಟೋಪಿ ಹಾಕಿ, ಹಗ್ಗದಿಂದ ಬಿಗಿದು, ಮೇಲೊಂದು ಕಂಬಳಿ ಹೊದಿಸಿ ಮೆರವಣಿಗೆ ಹೊರಟಿತು. ಮದುವೆಯ ಗುಡಾರದ ದ್ವಾರ ಸಣ್ಣದು. ಬಾಗಿಲನ್ನು ವಾರೆ ಮಾಡಿ ತೂರಿಸುವಾಗ ಅಜ್ಜ, "ಅಯ್ಯೋ ಕೊಂದ್ರೋ! ನಾನೇನು ಬೀರುವೇನ್ರೋ?" ಅಂತ ಕೂಗಿದ್ದು ಬೀಗರಿಗೆಲ್ಲ ಕೇಳಿಸಿತು. ಕೊನೆಗೆ ದ್ವಾರದ ಎದುರಿನ ಗೌರವದ ಜಾಗದಲ್ಲಿ ಇಳಿಸಿದರು.

"ಬಾಗಿಲ ಹತ್ರ ಕೂರೋದು ಎಳೆಯರು ಅಂತ ಕೇಳಿದ್ದೆ," ಅಂದ ಜಪಾರ. "ಬಾಗಿಲನ್ನೇ ತಂದು ಮೇಲ್ಗಡೆ ಹಾಕ್ಕೊಂಡೋನು ಇವನೊಬ್ಬನೇ."

ಮಾಂಸದ ತಟ್ಟೆ ಬಂತು. ಮೊದಲ ಜಂಬಾಷ್ ಬೀಗರ ಹಿರಿಯನಿಗೆ. ಎರಡನೆಯದನ್ನು ಹಿಡಿದ ಹುಡುಗ ತಡವರಿಸಿ ನಿಂತ. ಮದುವೆಮನೆಯ ಯಜಮಾನ ಕೆಮ್ಮಿದ. "ಅದು... ಕೂತೋರಿಗೆ ಕೊಡೋದು ವಾಡಿಕೆ. ಮಲಗಿದೋರಿಗೆ ಕೊಟ್ಟಿದ್ದು ನಾನಂತೂ ಕಂಡಿಲ್ಲ."

ಎಲ್ಲರ ಕಣ್ಣೂ ಜಪಾರನ ಮೇಲೆ. ಅವನು ತೋಳು ಮಡಚಿ ಸಿದ್ಧವಾಗಿಯೇ ಕೂತಿದ್ದ. ಅಜ್ಜ ಕಣ್ಣು ಮುಚ್ಚಿಕೊಂಡ. ಈಗ ಬರುತ್ತದೆ ಕತ್ತೆ ಅಂದುಕೊಂಡ.

"ಅವನಿಗೇ ಕೊಡಿ," ಅಂದ ಜಪಾರ. "ನನ್ನವೆರಡೂ ನೆಟ್ಟಗಿವೆ. ಮುರಿದಿರೋದು ಅವನದು. ಅವನಿಗೇ ಬೇಕಾಗಿರೋದು ಈಗ ಒಂದು!"

ಬೀಗರ ಹಿರಿಯ ಮೊದಲು ನಕ್ಕ, ಆಮೇಲೆ ಇಡೀ ಗುಡಾರ ನಕ್ಕಿತು. ಆ ಗದ್ದಲದಲ್ಲಿ ಜಪಾರ ಬಗ್ಗಿ ಕನ್ನಡಕವನ್ನು ಅಜ್ಜನ ಜೇಬಿಗೆ ತುರುಕಿದ. "ಇನ್ಮೇಲೆ ಹಾಕ್ಕೊಂಡು ಹತ್ತು. ಕುದುರೆ ಯಾವುದು ಅಂತ ಕಾಣುತ್ತೆ."

ಜಂಬಾಷ್ ಅಜ್ಜನ ಎದೆಯ ಮೇಲೆ ಬಂದು ಕೂತಿತು. ಬಿಸಿ ಬಿಸಿ, ಆವಿಯಾಡುತ್ತಾ, ಬಟ್ಟಲಿನ ಗುಳಿಯ ಸಮೇತ. ಅಜ್ಜ ಎರಡೂ ಕೈಯಲ್ಲಿ ಎತ್ತಿ ಕಚ್ಚಿದ. ಅಗಿದ. ಮತ್ತೂ ಅಗಿದ. ನಾರು, ಒಣಕಲು, ಕಟ್ಟುಹಲ್ಲು ಕಿತ್ತು ಬರುವಷ್ಟು ಬಿರುಸು. ದೂರದ ಬೆಟ್ಟ ನುಣ್ಣಗೆ. ಎಪ್ಪತ್ತೆಂಟು ವರ್ಷ ಇದಕ್ಕೇನಾ ಕಾದದ್ದು! ಅವನ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೆ ಅಂದುಕೊಂಡ ಜನ ತಾವೂ ಕಣ್ಣೊರೆಸಿಕೊಂಡರು.

ಹೆಂಗಸರ ಸಾಲಿನಿಂದ ಬುರ್ಮಕಾನ್ ಎದ್ದು ಬಂದಳು. ಅಜ್ಜ ಮಲಗಿದ್ದ ಬಾಗಿಲ ಅಂಚಿನಲ್ಲಿ ಕೂತು, ಗಂಡನ ಗದ್ದ ಒರೆಸುವ ನೆಪದಲ್ಲಿ ತನ್ನ ಪಾಲಿನ ಒಂದು ಚೂರನ್ನು ಅವನ ಬಾಯಿಗಿಟ್ಟಳು. ಅದು ನಾಲಿಗೆ ಮೇಲೆ ಬೆಣ್ಣೆಯಂತೆ ಕರಗಿ ಹೋಯಿತು.

ಅಜ್ಜ ದಂಗಾಗಿ ಹೆಂಡತಿಯ ಮುಖ ನೋಡಿದ. "ಇದ್ಯಾವ ಮೂಳೇದೇ?"

"ನಂದೇ. ಉಚಾ."

"ಇಷ್ಟು ವರ್ಷದಿಂದ ಇದನ್ನ ತಿಂತಿದೀಯಾ? ಒಂದು ಸಲಾನಾದ್ರೂ ಹೇಳಬಾರದಿತ್ತೇನೇ!"

ಬುರ್ಮಕಾನ್ ಇನ್ನೊಂದು ಚೂರು ಅವನ ಬಾಯಿಗಿಟ್ಟು, ಯಾರಿಗೂ ಕೇಳಿಸದ ಹಾಗೆ ಹೇಳಿದಳು:

"ಹೇಳಿದ್ರೆ ಇದನ್ನೂ ಗಂಡಸರೇ ತಗೊಂಡುಬಿಡ್ತಿದ್ರಿ."